ತಂತಿ ಕಳ್ಳರು, ಉಪ್ಪು ಕೊರಚರು, ಮತ್ತೆ ನಮ್ಮ ತೆಂಗಿನ ಸೀಮೆ

ಇವತ್ತಿನದು ಕಾನೂನಿನ ಕತೆ. ಸೆಕ್ಷನ್ ನಂಬರ್ ಕೇಳಿದ ತಕ್ಷಣ ಮುಂದಕ್ಕೆ ಸ್ಕ್ರಾಲ್ ಮಾಡ್ಬೇಡಿ, ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಇದರೊಳಗೆ ಬರ್ತವೆ.

2024ರ ಜುಲೈ 1ಕ್ಕೆ ಭಾರತೀಯ ದಂಡ ಸಂಹಿತೆ, ಅಂದ್ರೆ ನಾವೆಲ್ಲ ಐಪಿಸಿ ಅಂತಿದ್ದದ್ದು, ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಐಪಿಸಿ ಪಾಸಾಗಿದ್ದು 1860ರಲ್ಲಿ, ಜಾರಿಗೆ ಬಂದಿದ್ದು 1862ರ ಜನವರಿ 1ಕ್ಕೆ. ಹೆಚ್ಚುಕಮ್ಮಿ 162 ವರ್ಷ ಬಾಳಿದ ಪುಸ್ತಕ. ಅದು ಹೋದಾಗ ಎಲ್ಲರೂ 420 ಈಗ 318 ಆಯ್ತು ಅಂತ ಮೀಮ್ ಹಾಕಿದ್ರು. ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಬದಲಾವಣೆ ಆಯ್ತು. 310 ಮತ್ತು 311ನೇ ಸೆಕ್ಷನ್ ಹೊಸ ಸಂಹಿತೆಗೆ ಬರಲೇ ಇಲ್ಲ. ಆ ಎರಡು ಸೆಕ್ಷನ್ ಏನು ಹೇಳ್ತಿದ್ವು ಗೊತ್ತಾ? 'ಠಗ್' ಅಂದ್ರೆ ಯಾರು, ಅವನಿಗೆ ಏನು ಶಿಕ್ಷೆ ಅಂತ. ಶಿಕ್ಷೆ ಜೀವಾವಧಿ. ಮೊಬೈಲ್ ಕಾಲದಲ್ಲೂ ನಮ್ಮ ಕಾನೂನಿನಲ್ಲಿ ಠಗ್ಗರು ಇದ್ದರು.

ಆ ಪದ ಹೋಯ್ತು, ಸರಿ. ಅದರ ಹಿಂದಿದ್ದ ಯೋಚನೆ ಹೋಯ್ತಾ ಅನ್ನೋದು ನನ್ನ ಪ್ರಶ್ನೆ. ಯಾಕೆ ಕೇಳ್ತಿದ್ದೀನಿ ಅಂದ್ರೆ, ನಮ್ಮ ಸೀಮೆಯಲ್ಲಿ ಈಚೆಗೆ ಆಗ್ತಿರೋದು ನೋಡಿ.

2025ರಲ್ಲಿ ಕೊಬ್ಬರಿ ಬೆಲೆ ಏರಿತು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ ಇದ್ದ ವರ್ಷವೇ ತಿಪಟೂರು ಮಾರುಕಟ್ಟೆಯಲ್ಲಿ ಅದರ ದುಪ್ಪಟ್ಟು ದಾಟಿತು. ಉಂಡೆ ಕೊಬ್ಬರಿ ಮಾಡೋದು ಅವಸರದ ಕೆಲಸ ಅಲ್ಲ. ಬಲಿತ ಕಾಯಿ ಕೆಡವಿ, ಅಟ್ಟಕ್ಕೋ ಶೆಡ್ಡಿಗೋ ತುಂಬಿ, ಒಳಗಿನ ನೀರೆಲ್ಲ ಆರಿ ಗುಂಡಾಗಿ ಒಣಗೋವರೆಗೆ ತಿಂಗಳುಗಟ್ಟಲೆ ಕಾಯಬೇಕು. ಅಂದ್ರೆ ವರ್ಷದ ದುಡಿಮೆಯೆಲ್ಲ ತಗಡಿನ ಛಾವಣಿ ಕೆಳಗೆ ಬಿದ್ದಿರುತ್ತೆ. ಅದರ ಬೆಲೆ ದುಪ್ಪಟ್ಟಾದಾಗ ಕಳ್ಳನ ಕಣ್ಣೂ ಅಲ್ಲಿಗೇ ಬೀಳುತ್ತೆ.

ನಮ್ಮದು ತುರುವೇಕೆರೆ ಕಡೆ ಹಳ್ಳಿ. ಆ ವರ್ಷ ನಮ್ಮೂರಲ್ಲಿ ಒಂದು ಶೆಡ್ಡಿನಿಂದ ಕೊಬ್ಬರಿ ಹೋಯ್ತು. ಬೀಗ ಒಡೆದಿರಲಿಲ್ಲ, ಕೀಲಿ ಹಾಕಿಯೇ ತೆಗೆದಿದ್ದರು. ಆದ್ರೂ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಊರಿನ ಮಾತೆಲ್ಲ ಕೆರೆ ಏರಿ ಕೆಳಗೆ ಬಿಡಾರ ಹಾಕಿದ್ದ ಮೂರು ಸಂಸಾರದ ಕಡೆ ತಿರುಗಿತ್ತು. ಪ್ಲಾಸ್ಟಿಕ್ ಕೊಡ, ಬಾಚಣಿಗೆ, ಪಿನ್ನು ಮಾರ್ಕೊಂಡು ಬಂದೋರು. ಬಿಡಾರವೆಲ್ಲ ಕೆದಕಿ ನೋಡಿದ್ರು, ಒಂದು ಕೊಬ್ಬರಿ ಬಟ್ಟಲೂ ಸಿಗಲಿಲ್ಲ. ಸಂಜೆಗೆ ಮುಂಚೆ ಅವರು ಗಂಟು ಕಟ್ಟಿ ಹೊರಟರು. ಕಳ್ಳ ಇವತ್ತಿಗೂ ಸಿಕ್ಕಿಲ್ಲ. ನಮ್ಮ ದೊಡ್ಡಪ್ಪನನ್ನ ಕೇಳಿದೆ, ಬೀಗ ಒಡೆದಿಲ್ವಲ್ಲ ದೊಡ್ಡಪ್ಪ, ಅವರಿಗೆ ಕೀಲಿ ಎಲ್ಲಿಂದ ಬಂತು ಅಂತ. ಅವರು ಹೇಳಿದ್ದು ಒಂದೇ ಮಾತು: "ಅವರ ಕಸುಬೇ ಅದಲ್ವೇನಪ್ಪ."

ಈ ಮಾತನ್ನ ನಮ್ಮ ದೊಡ್ಡಪ್ಪ ಕಂಡುಹಿಡಿದಿದ್ದಲ್ಲ. ಕೆಲವರಿಗೆ ಕಳ್ಳತನವೇ ಕುಲಕಸುಬು ಅನ್ನೋದು ಒಂದು ಕಾಲದಲ್ಲಿ ಈ ದೇಶದ ಅಧಿಕೃತ ಕಾನೂನಾಗಿತ್ತು. ಅದು ಹೇಗೆ ಬಂತು ಅಂತ ನೋಡೋಣ.

ಶುರು ಮಾಡೋಕೆ 1799ಕ್ಕೆ ಹೋಗಬೇಕು. ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಸತ್ತ ವರ್ಷ. ಆಗ ಬೆಂಗಳೂರಿನ ಹತ್ತಿರ ಸುಮಾರು 100 ಜನರನ್ನ ಕಂಪನಿಯವರು ಹಿಡಿದರು ಅಂತ ಅವರದೇ ಬರಹಗಳು ಹೇಳ್ತವೆ. ದಾರಿಹೋಕರ ಜೊತೆ ಸ್ನೇಹ ಮಾಡಿ, ಕುತ್ತಿಗೆಗೆ ಕುಣಿಕೆ ಹಾಕಿ ಕೊಂದು ದೋಚೋರು. 1816ರಲ್ಲಿ ರಿಚರ್ಡ್ ಶೆರ್ವುಡ್ ಅನ್ನೋ ಮದರಾಸಿನ ಸರ್ಜನ್ ಇವರ ಬಗ್ಗೆ ಒಂದು ಉದ್ದದ ಲೇಖನ ಬರೆದ. ಇವರಿಗೆ ಯಾವ ಭಾಷೆಯಲ್ಲಿ ಏನು ಹೆಸರು ಅಂತ ಪಟ್ಟಿ ಮಾಡ್ತಾ ಕನ್ನಡದ್ದನ್ನೂ ಕೊಟ್ಟಿದ್ದಾನೆ: ತಂತಿ ಕಳ್ಳರು. ಎಷ್ಟು ಚಂದದ ಕನ್ನಡ ನೋಡಿ! ತಂತಿಯಿಂದ ಕತ್ತು ಬಿಗಿಯೋರು, ಅದಕ್ಕೆ ತಂತಿ ಕಳ್ಳರು. ಅವರು ಮಾಡೋ ಕೆಲಸಕ್ಕೆ ಇಟ್ಟ ಹೆಸರು ಅದು, ಹುಟ್ಟಿಗಲ್ಲ.

ಉತ್ತರದಲ್ಲಿ ವಿಲಿಯಂ ಸ್ಲೀಮನ್ ಅನ್ನೋ ಅಧಿಕಾರಿ ಇದೇ ವಿಷಯ ಕೈಗೆತ್ತಿಕೊಂಡಾಗ ಕತೆ ಬದಲಾಯ್ತು. ಅವನು ಠಗ್ಗರ ವಂಶವೃಕ್ಷಗಳನ್ನ ಬರೆಸಿದ. ಅಪ್ಪ ಯಾರು, ಮಗ ಯಾರು, ಅಳಿಯ ಯಾರು. ಸಿಕ್ಕಿಬಿದ್ದವನ ಬಾಯಿಂದ ಹತ್ತು ಜನರ ಹೆಸರು, ಆ ಹತ್ತರಿಂದ ನೂರು. 1836ರಲ್ಲಿ ಒಂದು ಕಾಯ್ದೆ ಬಂತು. ಇಂಥ ದಿನ, ಇಂಥ ಜಾಗದಲ್ಲಿ, ಇಂಥವನನ್ನ ಕೊಂದ ಅಂತ ಸಾಬೀತು ಮಾಡೋ ಅಗತ್ಯ ಇರಲಿಲ್ಲ. ಠಗ್ಗರ ಗುಂಪಿಗೆ ಸೇರಿದವನು ಅಂತ ತೋರಿಸಿದ್ರೆ ಸಾಕು, ಜೀವಾವಧಿ. ಕೊಲೆಗಳು ನಡೆದಿದ್ದು ಸುಳ್ಳಲ್ಲ. ಆದರೆ ಮಾಡಿದ್ದಕ್ಕೆ ಶಿಕ್ಷೆ ಅನ್ನೋದರಿಂದ ಸೇರಿದ್ದಕ್ಕೆ ಶಿಕ್ಷೆ ಅನ್ನೋದಕ್ಕೆ ಕಾನೂನು ದಾಟಿದ್ದು ಇಲ್ಲೇ.

ಅಲ್ಲಿಂದ 35 ವರ್ಷಕ್ಕೆ, 1871ರಲ್ಲಿ, ಕ್ರಿಮಿನಲ್ ಟ್ರೈಬ್ಸ್ ಆಕ್ಟ್. ಹೆಸರೇ ಹೇಳುತ್ತೆ: ಅಪರಾಧಿ ಬುಡಕಟ್ಟುಗಳ ಕಾಯ್ದೆ. ಸರ್ಕಾರದ ವಾದ ಸರಳವಾಗಿತ್ತು. ಈ ದೇಶದಲ್ಲಿ ನೇಕಾರನ ಮಗ ನೇಕಾರ, ಬಡಗಿ ಮಗ ಬಡಗಿ. ಹಂಗೇ ಕಳ್ಳನ ಮಗ ಕಳ್ಳ. ಒಂದು ಸಮುದಾಯವನ್ನ ಸರ್ಕಾರ ಪಟ್ಟಿಗೆ ಸೇರಿಸಿದರೆ ಮುಗೀತು. ಹೆಸರು ನೋಂದಣಿ ಮಾಡಿಸಬೇಕು. ಹೇಳಿದ ಹೊತ್ತಿಗೆ ಹೋಗಿ ಹಾಜರಿ ಕೊಡಬೇಕು. ಊರು ಬಿಟ್ಟು ಹೋಗಬೇಕಾದ್ರೆ ಪಾಸ್ ಬೇಕು. ಪಟ್ಟಿಗೆ ಸೇರಿಸಿದ್ದು ಸರಿಯೋ ತಪ್ಪೋ ಅಂತ ಯಾವ ಕೋರ್ಟೂ ಕೇಳೋ ಹಾಗಿಲ್ಲ, ಕಾಯ್ದೆಯಲ್ಲೇ ಹಾಗೆ ಬರೆದಿತ್ತು. 1897ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು: ನಾಲ್ಕು ವರ್ಷ ದಾಟಿದ ಮಕ್ಕಳನ್ನ ಅಪ್ಪ ಅಮ್ಮನಿಂದ ಬೇರೆ ಮಾಡಿ ಸುಧಾರಣಾ ಶಿಬಿರದಲ್ಲಿ ಇಡಬಹುದು. ನಾಲ್ಕು ವರ್ಷ! ಅಂಗನವಾಡಿಗೆ ಹೋಗೋ ವಯಸ್ಸು.

ಮೊದಲು ಉತ್ತರ ಭಾರತಕ್ಕಿದ್ದ ಈ ಕಾಯ್ದೆ 1911ರಲ್ಲಿ ಮದರಾಸ್ ಪ್ರಾಂತ್ಯಕ್ಕೂ ಬಂತು. ಮೈಸೂರು ಸಂಸ್ಥಾನವೂ ಹಿಂದೆ ಬೀಳದೆ ಇದೇ ಬಗೆಯ ರೆಗ್ಯುಲೇಷನ್ ಮಾಡಿಕೊಂಡಿತು. ಪಟ್ಟಿಗೆ ಬಿದ್ದ ದಕ್ಷಿಣದ ಸಮುದಾಯಗಳಲ್ಲಿ ಮುಖ್ಯವಾದದ್ದು ತಮಿಳಿನಲ್ಲಿ ಕೊರವ, ತೆಲುಗಿನಲ್ಲಿ ಎರುಕಲ, ನಮ್ಮಲ್ಲಿ ಕೊರಚ, ಕೊರಮ.

ಈ ಹೆಸರು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬೈಗುಳವಾಗಿ ಉಳಿದುಬಿಟ್ಟಿದೆ, ನಿಮಗೂ ಗೊತ್ತು. ಇವತ್ತು ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋ ಸಮುದಾಯ, ಹಂಗೆ ಜಾತಿ ಹಿಡಿದು ನಾಲ್ಕು ಜನರ ಮುಂದೆ ಹೀಯಾಳಿಸಿದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಅಡಿ ಕೇಸು. ಆದರೆ ಆ ಸಮುದಾಯದ ಒಳಪಂಗಡಗಳ ಹೆಸರು ಒಂದ್ಸಲ ಕೇಳಿ. ಉಪ್ಪು ಕೊರಚ. ದಬ್ಬೆ ಕೊರಚ. ಕುಂಚಿ ಕೊರಮ. ಉಪ್ಪು ಸಾಗಿಸೋರು, ಬಿದಿರ ದಬ್ಬೆ ಸೀಳಿ ಬುಟ್ಟಿ ಹೆಣೆಯೋರು, ನೇಕಾರರಿಗೆ ಕುಂಚ ಕಟ್ಟಿಕೊಡೋರು. ಹೆಸರಿನಲ್ಲೇ ಕಸುಬಿದೆ, ಕಳ್ಳತನ ಎಲ್ಲೂ ಇಲ್ಲ!

ಕರಾವಳಿಯಿಂದ ಎತ್ತು, ಕತ್ತೆ ಮೇಲೆ ಉಪ್ಪು ಹೇರಿಕೊಂಡು ಒಳನಾಡಿಗೆ ಬರೋದು, ಇಲ್ಲಿಂದ ಕಾಳುಕಡ್ಡಿ ಹೇರಿಕೊಂಡು ವಾಪಸ್ ಹೋಗೋದು. ಉಪ್ಪು ಬೆಳೆಯದ ನಮ್ಮಂಥ ಸೀಮೆಗೆ ಅವರು ಬರದಿದ್ರೆ ಸಾರಿಗೆ ರುಚಿಯೇ ಇಲ್ಲ. ಇದೇ ಕೆಲಸ ಇನ್ನೂ ದೊಡ್ಡದಾಗಿ ಮಾಡ್ತಿದ್ದವರು ಲಂಬಾಣಿಗಳು. ಮೈಸೂರು ಯುದ್ಧಗಳಲ್ಲಿ ಕಾರ್ನ್‌ವಾಲಿಸ್, ವೆಲ್ಲೆಸ್ಲಿಯವರ ಸೈನ್ಯಕ್ಕೆ ಧಾನ್ಯ ಹೊತ್ತು ತಂದದ್ದು ಅವರ ಎತ್ತುಗಳೇ. (ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಅಮೃತಮಹಲ್ ಕಾವಲು ನೋಡಿದೋರಿಗೆ, ಆ ಕಾಲದ ಯುದ್ಧ ನಡೆದದ್ದೇ ಎತ್ತುಗಳ ಬೆನ್ನ ಮೇಲೆ ಅಂತ ಹೇಳಬೇಕಾಗಿಲ್ಲ.) ಸೈನ್ಯಕ್ಕೆ ಬೇಕಿದ್ದಾಗ ಇವರು ಸರಬರಾಜುದಾರರು. ಯುದ್ಧ ಮುಗಿದು ರಸ್ತೆ, ರೈಲು ಆದ ಮೇಲೆ ಅಲೆಮಾರಿಗಳು, ಅನುಮಾನಾಸ್ಪದರು.

ಮೀನಾ ರಾಧಾಕೃಷ್ಣ ಅನ್ನೋ ಇತಿಹಾಸಕಾರ್ತಿ ಕೊರವರ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ, 2001ರದ್ದು. ಅವರು ಮದರಾಸ್ ಪ್ರಾಂತ್ಯದ ದಾಖಲೆ ಹಿಡಿದು ತೋರಿಸೋದು ಇಷ್ಟು: ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯ್ತು, ರೈಲು ಬಂತು, ಹೇರೆತ್ತಿನ ವ್ಯಾಪಾರ ಸತ್ತಿತು. ವ್ಯಾಪಾರ ಕಳಕೊಂಡು ತಿರುಗ್ತಿದ್ದವರನ್ನ ಅಪರಾಧಿ ಬುಡಕಟ್ಟು ಅಂದರು.

ನಮ್ಮ ಸೀಮೆಯ ಮೇಲೆ ಇದನ್ನ ಇಟ್ಟು ನೋಡಿದ್ರೆ ನನಗೆ ಮೈ ಜುಮ್ ಅನ್ನುತ್ತೆ. 1876ರಿಂದ 78ರವರೆಗೆ ಮಹಾ ಬರ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ಇದ್ದ ಜನ 1881ರ ಗಣತಿಗೆ ಸುಮಾರು 42 ಲಕ್ಷ. ಮನುಷ್ಯರೇ ಉಳಿಯದ ಕಡೆ ಹೇರೆತ್ತು ಎಲ್ಲಿ ಉಳಿಯುತ್ತೆ? ಬರ ಮುಗಿದು ಜನ ಮೇಲೇಳೋ ಹೊತ್ತಿಗೆ, 1880ರ ದಶಕದಲ್ಲಿ, ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ ಹಾದು ಹರಿಹರದ ಕಡೆ ಹಳಿ ಬಿತ್ತು. ತಿಪಟೂರಿನ ಕೊಬ್ಬರಿಗೆ ದೂರದ ಮಾರುಕಟ್ಟೆ ತೋರಿಸಿದ್ದು ಈ ಹಳಿ. ನಮ್ಮ ತಾತ ಮುತ್ತಾತಂದಿರ ಹೆಂಚಿನ ಮನೆ ಎದ್ದಿದ್ದು ಆ ದುಡ್ಡಿನಲ್ಲೇ. ಉಪ್ಪು ಕೊರಚನ ಕತ್ತೆಯನ್ನ ದಾರಿಯಿಂದ ಪಕ್ಕಕ್ಕೆ ತಳ್ಳಿದ್ದೂ ಅಂಥದ್ದೇ ಹಳಿ.

ಈಗ ಓದಿದೋರ ಸರದಿ. ಕಾನೂನು ಮಾಡೋರು ಒಂದು ಕಡೆ, ಅಪರಾಧವನ್ನ ಶಾಸ್ತ್ರವಾಗಿ ಓದೋರು ಇನ್ನೊಂದು ಕಡೆ. 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ ಒಂದು ಪುಸ್ತಕ ತಂದ: ಅಪರಾಧಿ ಹುಟ್ಟುತ್ತಲೇ ಅಪರಾಧಿ, ತಲೆಬುರುಡೆ, ದವಡೆ ನೋಡಿದ್ರೆ ಗೊತ್ತಾಗುತ್ತೆ ಅಂತ. ಕ್ರಿಮಿನಾಲಜಿ ಅನ್ನೋ ಶಾಸ್ತ್ರದ ಹುಟ್ಟನ್ನ ಸಾಮಾನ್ಯವಾಗಿ ಅಲ್ಲಿಂದ ಹೇಳ್ತಾರೆ. ನಮ್ಮ ಕಾಯ್ದೆ ಅವನ ಪುಸ್ತಕಕ್ಕಿಂತ ಐದು ವರ್ಷ ಮೊದಲಿನದು. ಅಂದ್ರೆ ಸಿದ್ಧಾಂತ ಬರೋಕೆ ಮೊದಲೇ ಇಲ್ಲಿ ಅದರ ಪ್ರಯೋಗ ನಡೀತಿತ್ತು. ಮದರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಜಾತಿಜಾತಿಯ ಜನರ ಮೂಗು, ತಲೆ ಅಳೆದ, ಆ ಅಳತೆಯ ವಿದ್ಯೆಯನ್ನ ಪೊಲೀಸರಿಗೂ ಹೇಳಿಕೊಟ್ಟ. 1909ರಲ್ಲಿ ಅವನ ಏಳು ಸಂಪುಟ ಬಂತು, ಕೊರವರ ಬಗ್ಗೆ ಉದ್ದುದ್ದ ಬರೆದಿದ್ದಾನೆ.

ಮೈಸೂರಿನಲ್ಲಿ ಈ ಕೆಲಸ ಮಾಡಿದವರು ಎಚ್.ವಿ. ನಂಜುಂಡಯ್ಯ. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ, ಅದೇ ನಂಜುಂಡಯ್ಯ. ಅವರು ಶುರು ಮಾಡಿದ ಸಮೀಕ್ಷೆಯನ್ನ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿ, 1928ರಿಂದ 1935ರೊಳಗೆ ನಾಲ್ಕು ಸಂಪುಟ ಹೊರಬಂತು. ನನ್ನ ಅಭಿಪ್ರಾಯ ಕೇಳಿದ್ರೆ, ಮದುವೆ, ಹಬ್ಬ, ಕಸುಬಿನ ವಿವರಕ್ಕೆ ಇವತ್ತಿಗೂ ತೆರೆದು ನೋಡಬೇಕಾದ ಪುಸ್ತಕ ಅದು. ಆದರೆ ಒಂದು ಜಾತಿಗೆ ಒಂದು ಅಧ್ಯಾಯ, ಆ ಅಧ್ಯಾಯದಲ್ಲಿ ಆ ಜಾತಿಯ ಸ್ವಭಾವ ಅಂತ ಬರೆಯೋ ಪದ್ಧತಿ ಇದೆಯಲ್ಲ, ಅದು ಪೊಲೀಸ್ ಠಾಣೆಯ ರಿಜಿಸ್ಟರಿಗೆ ಹೇಳಿ ಮಾಡಿಸಿದ ಹಾಗಿತ್ತು.

ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಸೆಟ್ಲ್‌ಮೆಂಟ್ ಕಟ್ಟಿದರು. ಅಪರಾಧಿ ಅಂತ ಗುರುತಾದ ಸಮುದಾಯಗಳನ್ನ ಸಂಸಾರ ಸಮೇತ ತಂದು ಕೂಡಿಹಾಕೋ ಜಾಗ. ಹಗಲು ಗಿರಣಿಯಂಥ ಕಡೆ ಕೆಲಸ, ಕೆಲಸ ಮುಗಿದ ಮೇಲೆ ಹಾಜರಿ. ಹುಬ್ಬಳ್ಳಿಯಲ್ಲಿ ಆಟೋದವರಿಗೆ ಸೆಟ್ಲ್‌ಮೆಂಟ್ ಅಂದ್ರೆ ಇವತ್ತಿಗೂ ಕರ್ಕೊಂಡು ಹೋಗಿ ಬಿಡ್ತಾರೆ.

ಸ್ವಾತಂತ್ರ್ಯ ಬಂತು. ಕಾಯ್ದೆ ತಕ್ಷಣ ಹೋಗಲಿಲ್ಲ. 1949ರಲ್ಲಿ ಅನಂತಶಯನಂ ಅಯ್ಯಂಗಾರ್ ಸಮಿತಿ ಕೂತು, ರದ್ದು ಮಾಡಿ ಅಂತ ಹೇಳಿ, ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ. ಆ ಸಮುದಾಯಗಳಿಗೆ ಸ್ವಾತಂತ್ರ್ಯ ದಿನ ಎರಡು, ಆಗಸ್ಟ್ 15 ಒಂದು, 31 ಇನ್ನೊಂದು. ಎರಡರ ನಡುವೆ ಐದು ವರ್ಷ. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು. ನಮ್ಮದು 1961ರದ್ದು. ಈ ಕಾಯ್ದೆ ಜಾತಿ ನೋಡಲ್ಲ, ಒಬ್ಬ ವ್ಯಕ್ತಿಗೆ ಮತ್ತೆ ಮತ್ತೆ ಶಿಕ್ಷೆ ಆಗಿದ್ದರೆ ಮಾತ್ರ ಅವನನ್ನ ನೋಂದಣಿ ಮಾಡುತ್ತೆ. ಕಾಗದದ ಮೇಲೆ ಅದು ದೊಡ್ಡ ಬದಲಾವಣೆ. ಠಾಣೆಯ ಹಳೇ ನೆನಪು ಕಾಗದ ನೋಡಿ ನಡೆಯಲ್ಲ ಅನ್ನೋದೇ ತೊಂದರೆ.

ಇದನ್ನ ನಾನು ಹೇಳ್ತಿಲ್ಲ, ಸುಪ್ರೀಂ ಕೋರ್ಟೇ 2024ರಲ್ಲಿ ಎರಡು ಸಲ ಮುಟ್ಟಿದ ವಿಷಯ. ಮೇ ತಿಂಗಳಲ್ಲಿ ದೆಹಲಿಯ ಒಂದು ಕೇಸಿನಲ್ಲಿ, ಹಿಂದುಳಿದ ಮತ್ತು ಪರಿಶಿಷ್ಟ ಸಮುದಾಯಗಳ ಅಮಾಯಕರ ಹೆಸರನ್ನ ಯಾಂತ್ರಿಕವಾಗಿ ಹಿಸ್ಟರಿ ಶೀಟಿಗೆ ಹಾಕಬಾರದು, ಎಲ್ಲ ರಾಜ್ಯಗಳೂ ಇದನ್ನ ನೋಡಿಕೊಳ್ಳಲಿ ಅಂತ ಹೇಳಿತು. ಅಕ್ಟೋಬರ್ 3ರಂದು ಇನ್ನೊಂದು ತೀರ್ಪು. ಸುಕನ್ಯಾ ಶಾಂತಾ ಅನ್ನೋ ಪತ್ರಕರ್ತೆ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚ್ತಾರೆ ಅಂತ 2020ರಲ್ಲಿ ವರದಿ ಮಾಡಿದ್ದರು, ಆಮೇಲೆ ತಾವೇ ಕೋರ್ಟಿಗೆ ಹೋದರು. ಕೆಲವು ಜೈಲು ಕೈಪಿಡಿಗಳಲ್ಲಿ ಅಲೆಮಾರಿ ಬುಡಕಟ್ಟಿನವರನ್ನ ಹುಟ್ಟಿನಿಂದಲೇ ರೂಢಿಗತ ಅಪರಾಧಿ ಅನ್ನೋ ಥರ ನೋಡೋ ನಿಯಮಗಳು ಇನ್ನೂ ಇದ್ದವು. ಕೋರ್ಟು ಅವನ್ನ ಅಸಾಂವಿಧಾನಿಕ ಅಂತ ತೆಗೆದುಹಾಕಿತು, ಕೈದಿಗಳ ರಿಜಿಸ್ಟರಿನಿಂದ ಜಾತಿ ಕಾಲಂ ಅಳಿಸಿ ಅಂದಿತು. ಕಾಯ್ದೆ ರದ್ದಾಗಿ 72 ವರ್ಷ ಆದ ಮೇಲೆ ಬಂದ ಮಾತಿದು. ಒಂದು ಸುದ್ದಿ ವರದಿಯಿಂದ ಶುರುವಾಗಿದ್ದು ಅನ್ನೋದು, ಈ ಕೆಲಸದಲ್ಲಿರೋ ನನಗೆ ಸ್ವಲ್ಪ ಖುಷಿ.

ಅಪರಾಧ ಶಾಸ್ತ್ರ ಲೊಂಬ್ರೋಸೊ ಹತ್ತಿರವೇ ನಿಂತುಬಿಡಲಿಲ್ಲ. ಇವತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕ್ರಿಮಿನಾಲಜಿ ಓದೋ ಹುಡುಗ ಹುಡುಗಿಯರು ಎಡ್ವಿನ್ ಸದರ್ಲೆಂಡ್ ಹೆಸರು ಕೇಳಿರ್ತಾರೆ. 1939ರ ಡಿಸೆಂಬರ್‌ನಲ್ಲಿ ಈ ಅಮೆರಿಕದ ಮೇಷ್ಟ್ರು ಒಂದು ಭಾಷಣ ಮಾಡಿ, ನೀವೆಲ್ಲ ಬಡವರ ಅಪರಾಧವನ್ನಷ್ಟೇ ಲೆಕ್ಕ ಹಾಕ್ತಿದ್ದೀರಿ, ಆಫೀಸಿನಲ್ಲಿ ಕೂತು ಸಹಿ ಹಾಕಿ ಮಾಡೋ ಅಪರಾಧ ಯಾಕೆ ಲೆಕ್ಕಕ್ಕಿಲ್ಲ ಅಂತ ಕೇಳಿದ. ವೈಟ್ ಕಾಲರ್ ಕ್ರೈಂ ಅನ್ನೋ ಮಾತು ಅವನದು. 1949ರಲ್ಲಿ 70 ದೊಡ್ಡ ಕಂಪನಿಗಳ ಮೇಲೆ ಪುಸ್ತಕ ಬರೆದ. ಮಾನನಷ್ಟ ಕೇಸಿಗೆ ಹೆದರಿದ ಪ್ರಕಾಶಕರು ಕಂಪನಿ ಹೆಸರುಗಳನ್ನೆಲ್ಲ ತೆಗೆಸಿದರು, ಹೆಸರು ಸಮೇತ ಪೂರ್ತಿ ಪುಸ್ತಕ ಬಂದಿದ್ದು 1983ರಲ್ಲಿ, ಅವನು ಸತ್ತು ಎಷ್ಟೋ ವರ್ಷದ ಮೇಲೆ. ಕೊರಚರ ಹೆಸರು ಅಚ್ಚು ಹಾಕುವಾಗ ಇಂಥ ಹೆದರಿಕೆ ಯಾರಿಗೂ ಇರಲಿಲ್ಲ.

ಸದರ್ಲೆಂಡ್ ಹೇಳಿದ್ದು ನೋಡೋಕೆ ನಾವು ಅಮೆರಿಕಕ್ಕೆ ಹೋಗಬೇಕಿಲ್ಲ, ಚಿಕ್ಕನಾಯಕನಹಳ್ಳಿಗೆ ಹೋದ್ರೆ ಸಾಕು. ಅಲ್ಲಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. 2000ರ ನಂತರ ಅದಿರಿಗೆ ಚೀನಾದಿಂದ ಬೇಡಿಕೆ ಬಂದು ಲಾರಿಗಳ ಸಾಲು ಹತ್ತಿದಾಗ, ರಸ್ತೆ ಪಕ್ಕದ ತೆಂಗಿನ ಗರಿಗಳು ಕೆಂಪಾಗಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ವರದಿ ಬಳ್ಳಾರಿಯದ್ದು ಅಂತಲೇ ಎಲ್ಲರಿಗೂ ನೆನಪು. ಅದರಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಯೂ ಇದ್ದವು. ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟವನ್ನ ವರದಿ 16,085 ಕೋಟಿ ರೂಪಾಯಿ ಅಂತ ಅಂದಾಜು ಮಾಡಿತು. ಬಳ್ಳಾರಿಯಲ್ಲಿ ಮೊದಲು ಗಣಿ ನಿಲ್ಲಿಸಿದ ಸುಪ್ರೀಂ ಕೋರ್ಟು, ಆಗಸ್ಟ್ 26ಕ್ಕೆ ನಮ್ಮ ಜಿಲ್ಲೆಯಲ್ಲೂ ನಿಲ್ಲಿಸಿತು. ನಿಯಮವನ್ನ ತೀರಾ ಗಾಳಿಗೆ ತೂರಿದ್ದ ಗುತ್ತಿಗೆಗಳನ್ನ 'ಸಿ' ವರ್ಗ ಅಂತ ಗುರುತಿಸಿ 2013ರಲ್ಲಿ ರದ್ದು ಮಾಡಿತು.

ಇಷ್ಟೆಲ್ಲ ಆದರೂ ಗಣಿ ಮಾಲೀಕರ ಮಕ್ಕಳು ಊರಿಗೆ ಬಂದಾಗ ಯಾರೂ ಶೆಡ್ಡಿನ ಬೀಗ ಎರಡೆರಡು ಸಲ ಎಳೆದು ನೋಡಲಿಲ್ಲ. ಅವರ ಕಸುಬೇ ಅದು ಅಂತ ಯಾರ ದೊಡ್ಡಪ್ಪನೂ ಅನ್ನಲಿಲ್ಲ. ಅನ್ನಲೂ ಬಾರದು, ಅಪ್ಪ ಮಾಡಿದ್ದಕ್ಕೆ ಮಗ ಹೊಣೆಯಲ್ಲ. ಆ ನ್ಯಾಯ ಅವರಿಗೆ ಯಾರೂ ಕೇಳದೆಯೇ ಸಿಕ್ಕಿತು.

ಮತ್ತೆ ಹೊಸ ಸಂಹಿತೆಗೆ ಬರೋಣ. ಠಗ್ ಹೋದ ಅಂದೆನಲ್ಲ. ಕಳ್ಳರ ಗುಂಪಿಗೆ ಸೇರಿದವನಿಗೆ ಶಿಕ್ಷೆ ಕೊಡೋ ಐಪಿಸಿ 401 ಮಾತ್ರ 313 ಅನ್ನೋ ಹೊಸ ನಂಬರ್ ಹಾಕ್ಕೊಂಡು ಉಳಿದಿದೆ. ಜೊತೆಗೆ 112 ಅಂತ ಹೊಸ ಸೆಕ್ಷನ್ ಬಂದಿದೆ, ಸಣ್ಣ ಪ್ರಮಾಣದ ಸಂಘಟಿತ ಅಪರಾಧ. ಗುಂಪಿನ ಸದಸ್ಯನಾಗಿ ಕಳ್ಳತನ, ಕಿತ್ತುಕೊಂಡು ಓಡೋದು, ಮೋಸ, ಅಕ್ರಮವಾಗಿ ಟಿಕೆಟ್ ಮಾರೋದು, ಜೂಜು, ಪ್ರಶ್ನೆಪತ್ರಿಕೆ ಮಾರೋದು. ಕೊನೆಗೆ, ಇಂಥದ್ದೇ ಬೇರೆ ಅಪರಾಧ ಕೃತ್ಯ. ಕಡಿಮೆ ಅಂದ್ರೆ ಒಂದು ವರ್ಷ, ಹೆಚ್ಚು ಅಂದ್ರೆ ಏಳು ವರ್ಷ ಜೈಲು. ಪ್ರಶ್ನೆಪತ್ರಿಕೆ ಮಾರೋರಿಗೆ ಈ ಶಿಕ್ಷೆ ಬೇಕು, ನಾನೂ ಪರೀಕ್ಷೆ ಬರೆದು ಬಂದೋನೇ. ನನ್ನ ತಕರಾರು ಎರಡು ಪದದ್ದು. ಗುಂಪು ಅಂದ್ರೆ ಯಾವುದು? ಇಂಥದ್ದೇ ಬೇರೆ ಅಂದ್ರೆ ಯಾವುದು? ಇವಕ್ಕೆ ಮೊದಲ ಅರ್ಥ ಕೊಡೋದು ಸುಪ್ರೀಂ ಕೋರ್ಟಲ್ಲ, ರಾತ್ರಿ ಬೀಟಿನಲ್ಲಿ ಕೆರೆ ಏರಿ ಮೇಲೆ ಟಾರ್ಚ್ ಬಿಡೋ ಪೇದೆ. ಮೂರು ಸಂಸಾರ ಒಂದೇ ಕಡೆ ಬಿಡಾರ ಹಾಕಿದ್ರೆ ಅದು ಅವರ ಕಣ್ಣಿಗೆ ನೆಂಟರೋ, ಗುಂಪೋ?

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ, ಚಿಕ್ಕವರಿದ್ದಾಗ ಅಪ್ಪನ ಜೊತೆ ಠಾಣೆಗೆ ಹಾಜರಿ ಕೊಡೋಕೆ ಹೋಗಿದ್ದನ್ನ ನೆನಪಿಟ್ಟಿರೋ ಅಜ್ಜ ಅಜ್ಜಿ ಇದ್ದರೆ, ಅವರು ಒಪ್ಪಿದ್ರೆ, ಅವರ ಮಾತನ್ನ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಹೆಸರು, ಊರು ಹೇಳೋದು ಬೇಡ. ಕತ್ತೆ ಮೇಲೆ ಉಪ್ಪು ಬರ್ತಿದ್ದ ದಾರಿ ಯಾವುದು ಅಂತ ಗೊತ್ತಿರೋರು ಸಿಕ್ಕಿದ್ರಂತೂ ಬಿಡಲೇಬೇಡಿ.